ಇನ್ನೂರು ಗಿಣಿಹಸಿರು ಕವರುಗಳು

“ಈ ಸಲ ಫೋನ್ ಕಂಪನಿಯವರನ್ನ ನಾನೇ ಓಡಿಸ್ತೀನಿ, ನೋಡ್ತಾ ಇರು” ಎಂದು ಶಿವಮೂರ್ತಿ ಘೋಷಿಸಿದಾಗ ಅವನ ಮೂರನೇ ದೋಸೆ ಇನ್ನೂ ಕಾವಲಿಯ ಮೇಲಿತ್ತು. ಹೆಂಡತಿ ಯಶೋಧಾ ಅದನ್ನು ಮಗುಚುತ್ತಾ, “ಎಲ್ಲಿಗೆ?” ಎಂದು ಮಾತ್ರ ಕೇಳಿದಳು.

ಕೋಣಂದೂರಿನ ಬಸ್ ಸ್ಟ್ಯಾಂಡ್ ಎದುರು ಶಿವಮೂರ್ತಿಯದೊಂದು ಮೊಬೈಲ್ ಅಂಗಡಿ. ಹೆಸರಿಗೆ ಮೊಬೈಲ್ ಅಂಗಡಿಯಾದರೂ ಅಲ್ಲಿ ಮೊಬೈಲ್ ಒಂದು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಚಾರ್ಜರು, ಇಯರ್‌ಫೋನು, ಸ್ಕ್ರೀನಿಗೆ ಅಂಟಿಸುವ ಗಾಜು, ಎಲ್ಲಕ್ಕಿಂತ ಮುಖ್ಯವಾಗಿ ಬ್ಯಾಕ್ ಕವರು. ಎಂಟು ವರ್ಷದಿಂದ ಅವನಿಗೂ ಫೋನ್ ಕಂಪನಿಗಳಿಗೂ ಓಟದ ಪಂದ್ಯ ನಡೆದಿತ್ತು. ಊರಿಗೆ ಒಂದು ಹೊಸ ಫೋನ್ ಬರುತ್ತದೆ, ನಾಲ್ಕು ಜನ ಕವರ್ ಕೇಳುತ್ತಾರೆ, ಇವನು ಶಿವಮೊಗ್ಗಕ್ಕೆ ಹೋಗಿ ತರುವಷ್ಟರಲ್ಲಿ ಅದೇ ಫೋನಿಗೆ ಬಾಲ ಬೆಳೆದಿರುತ್ತದೆ. ಒಂದು ಸಲ ‘ಪ್ಲಸ್’ ಎಂಬ ಬಾಲ, ಇನ್ನೊಂದು ಸಲ ‘ಪ್ರೊ’ ಎಂಬ ಬಾಲ. ಬಾಲದ ಜೊತೆ ಮೈಯೂ ಬದಲಾಗಿ, ತಂದ ಕವರುಗಳು ಮೊಳೆಗೆ ನೇತಾಡುತ್ತಾ ಬಿಸಿಲಿಗೆ ಹಳದಿಯಾಗುತ್ತವೆ.

ಈ ಸಲ ಅವನು ಕಾಯಲಿಲ್ಲ. ‘ಫಾರ್ಟಿ’ ಎಂಬ ಫೋನು ಬಂದ ವಾರವೇ ಸಂತೆಯಲ್ಲಿ ಹನ್ನೊಂದು ಜನರ ಕೈಯಲ್ಲಿ ಅದನ್ನು ಕಂಡ. ತೀರ್ಥಹಳ್ಳಿಯ ಅಂಗಡಿಯವರು ಕಣ್ಣುಜ್ಜಿಕೊಂಡು ಏಳುವ ಮೊದಲೇ ಶಿವಮೊಗ್ಗಕ್ಕೆ ಹೋಗಿ, ಒಂದೇ ಏಟಿಗೆ ಇನ್ನೂರು ಕವರ್ ಹೊತ್ತು ತಂದ. ಇನ್ನೂರೂ ಗಿಣಿಹಸಿರು. ಒಟ್ಟಿಗೆ ಇನ್ನೂರು ಸಿಕ್ಕಿದ್ದು ಅದೊಂದೇ ಬಣ್ಣದಲ್ಲಿ.

ಯಶೋಧಾ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. “ಎಲ್ಲ ಒಂದೇ ಬಣ್ಣ, ಎಲ್ಲ ಒಂದೇ ಅಳತೆ. ಆ ಫೋನು ನಿಂತು ಹೋದ್ರೆ ಎಂತ ಮಾಡ್ತೀರಿ?”

“ನಿಲ್ಲಲ್ಲ ಕಣೆ. ಕಮ್ಮಿ ಅಂದ್ರೂ ಎರಡು ವರ್ಷ ಓಡ್ತದೆ. ವ್ಯಾಪಾರ ಅಂದ್ರೆ ದೂರದೃಷ್ಟಿ.”

ಫಾರ್ಟಿ ಓಡಿದ್ದು ಐದು ವಾರ.

ಆರನೇ ವಾರದಲ್ಲಿ ನಿವೃತ್ತ ಬಸ್ ಕಂಡಕ್ಟರ್ ಮಾಸ್ತಪ್ಪ ಅಂಗಡಿಗೆ ಬಂದು ಹೊಸ ಫೋನನ್ನು ಗಾಜಿನ ಮೇಲಿಟ್ಟರು. “ಶಿವು, ಇದಕ್ಕೊಂದು ಅಂಗಿ ಹಾಕು ಮಾರಾಯ.” ಶಿವಮೂರ್ತಿ ಉತ್ಸಾಹದಿಂದ ಗಿಣಿಹಸಿರನ್ನು ತೆಗೆದು ಒತ್ತಿದ. ಕೂರಲಿಲ್ಲ. ತಿರುಗಿಸಿ ಒತ್ತಿದ. ಎಲ್ಲ ಫಾರ್ಟಿಗೂ ಎಡಮೂಲೆಯಲ್ಲಿ ಎರಡು ಕ್ಯಾಮೆರಾ. ಇದಕ್ಕೆ ನಟ್ಟನಡುವೆ ಮೂರು, ಮುಕ್ಕಣ್ಣನ ಹಾಗೆ.

“ಇದು ಫಾರ್ಟಿ ಅಲ್ವಾ ಮಾಸ್ತಪ್ಪಣ್ಣ?”

“ಅಲ್ಲ, ಫಾರ್ಟಿ ಎಸ್. ಹಳೇದು ಇನ್ನು ಬರಲ್ಲ ಅಂದ ಫೋನ್ ಕೊಟ್ಟವನು.”

“ಅದಕ್ಕೂ ಇದಕ್ಕೂ ಎಂತ ವ್ಯತ್ಯಾಸ?”

ಮಾಸ್ತಪ್ಪ ಬಹಳ ಹೊತ್ತು ಯೋಚಿಸಿದರು. “ಇದ್ರಲ್ಲಿ ಎಸ್ ಇದೆ.”

ಶಿವಮೂರ್ತಿ ಆ ಸಂಜೆಯೇ ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿದ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಅವನ ಅಳಲನ್ನು ಪೂರ್ತಿ ಆಲಿಸಿ, “ಸರ್, ತಾವು ಫಾರ್ಟಿ ಎಸ್‌ಗೆ ಅಪ್‌ಗ್ರೇಡ್ ಆಗಬಹುದು” ಎಂದಳು. ಹೋಲ್‌ಸೇಲ್ ಅಂಗಡಿಯವನು ಮಾರಿದ ಮಾಲು ವಾಪಸ್ ಇಲ್ಲ ಎಂದ. ಮಾರದೆ ಉಳಿದ ಕವರುಗಳು ಎರಡು ಗೋಣಿಚೀಲಗಳಲ್ಲಿ ಮನೆಗೆ ಬಂದು ಬಾಗಿಲ ಹಿಂದೆ ಕೂತವು.

ಯಶೋಧಾ ಬೈಯಲಿಲ್ಲ. ಒಂದನ್ನು ಬಚ್ಚಲಿನಲ್ಲಿಟ್ಟು ಅದರ ಮೇಲೆ ಸೋಪು ಇಟ್ಟಳು. ಕ್ಯಾಮೆರಾದ ತೂತಿನಿಂದ ನೀರು ಚೆನ್ನಾಗಿ ಬಸಿಯುತ್ತಿತ್ತು. ಪಕ್ಕದ ಮನೆಯವರು ಅದನ್ನು ಕಂಡು ಮೂರು ಕೇಳಿ ಪಡೆದರು. ಸ್ನಾನಕ್ಕೆ ಹೋದಾಗಲೆಲ್ಲ ತನ್ನ ದೂರದೃಷ್ಟಿಯ ಮೇಲೆ ಸೋಪು ಕೂತಿರುವುದನ್ನು ನೋಡಿ ಶಿವಮೂರ್ತಿಯ ಹೊಟ್ಟೆ ಉರಿಯುತ್ತಿತ್ತು.

ಆ ಉರಿಯಲ್ಲೇ ಅವನಿಗೊಂದು ಉಪಾಯ ಹೊಳೆಯಿತು. ಕಂಪನಿಯವರು ಕ್ಯಾಮೆರಾವನ್ನು ನಡುವಿಗೆ ತಂದರೆ ತಾನು ತೂತನ್ನು ನಡುವಿಗೆ ತಂದರಾಯಿತು. ಯಶೋಧಾ ಹಿತ್ತಿಲಿಗೆ ಹೋಗಿದ್ದಾಗ ಹಳೆಯ ಸ್ಕ್ರೂಡ್ರೈವರನ್ನು ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿದ. ಕೆಳಗೆ ಗಟ್ಟಿಯಾದದ್ದು ಏನಾದರೂ ಇರಲಿ ಎಂದು ಅವಳ ದೋಸೆ ಕಾವಲಿಯನ್ನೇ ಎಳೆದುಕೊಂಡು, ಅದರ ಮೇಲೆ ಕವರ್ ಇಟ್ಟು ಚುಚ್ಚಿದ. ಅದು ಯಶೋಧಾಳ ತಾಯಿ ಕೊಟ್ಟ ಕಬ್ಬಿಣದ ಕಾವಲಿ, ಅವಳಿಗೆ ಪ್ರಾಣ. ಈಗಷ್ಟೇ ದೋಸೆ ಹೊಯ್ದ ಕಾವಲಿ ಇನ್ನೂ ಬಿಸಿಯಿದೆ ಎಂಬುದು ಅವನಿಗೆ ತಿಳಿದದ್ದು ಕವರು ಕೆಳಗಿನಿಂದ ಕರಗತೊಡಗಿದಾಗ. ಗಾಬರಿಯಲ್ಲಿ ಕೆರೆದ, ಉಜ್ಜಿದ, ಕಾಣುವಷ್ಟನ್ನು ತೆಗೆದ, ಏನೂ ತಿಳಿಯದವನಂತೆ ಅಂಗಡಿಗೆ ನಡೆದ.

ಮರುದಿನದ ಮೊದಲ ದೋಸೆ ಹಸಿರಾಗಿ ಎದ್ದಿತು.

ಯಶೋಧಾ ಅದನ್ನು ತಟ್ಟೆಗೆ ಹಾಕಿ ಅವನ ಮುಂದಿಟ್ಟಳು. “ಹಿಟ್ಟಿಗೆ ನಾನು ಸೊಪ್ಪು ಹಾಕಿಲ್ಲ.”

ಶಿವಮೂರ್ತಿ ತಟ್ಟೆಯನ್ನೇ ನೋಡುತ್ತಾ ಎಲ್ಲವನ್ನೂ ಒಪ್ಪಿಕೊಂಡ. ಅವಳು ಎರಡು ದಿನ ಬೂದಿ ಹಾಕಿ ಕಾವಲಿ ತಿಕ್ಕಿದಳು. ಎರಡೂ ದಿನ ಮಾತಾಡಲಿಲ್ಲ. ಮನೆಯಲ್ಲಿ ಉಪ್ಪಿಟ್ಟಿನ ಮೇಲೆ ಉಪ್ಪಿಟ್ಟಾಯಿತು. ಮೂರನೇ ದಿನ ಕೇಳಿದಳು: “ಇನ್ನು ಎಷ್ಟು ಉಳಿದಾವೆ?”

“ನೂರ ಎಪ್ಪತ್ತು ಚಿಲ್ಲರೆ.”

“ಸರಿ” ಎಂದು ಸೀರೆಯ ನೆರಿಗೆ ಸರಿಮಾಡಿಕೊಂಡು ತೀರ್ಥಹಳ್ಳಿಯ ಬಸ್ಸು ಹಿಡಿದಳು. ಅವಳು ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಕಾರ್ಯದರ್ಶಿ. ಅಂದು ಅಲ್ಲಿ ಮಾಸಿಕ ಸಭೆಯಿತ್ತು.

ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಹೊಸನಗರದ ಕಡೆಯ ಇಬ್ಬರು ಹೆಂಗಸರು ಬಸ್ಸಿಳಿದು ನೇರ ಅಂಗಡಿಗೆ ಬಂದರು. “ಫಾರ್ಟಿಗೆ ಕವರ್ ಇದ್ಯನಾ?”

ಶಿವಮೂರ್ತಿಗೆ ತನ್ನ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. “ಫಾರ್ಟಿ ಎಸ್ಸಾ?”

“ಎಸ್ಸು ಗಿಸ್ಸು ಎಂತದೂ ಇಲ್ಲ. ಬರೀ ಫಾರ್ಟಿ. ಹಾಜರಿ ಬರೆಯಕೆ ಅಂತ ಒಕ್ಕೂಟದಿಂದ ಸಂಘಕ್ಕೊಂದು ಕೊಟ್ಟಿದಾರೆ. ತೀರ್ಥಹಳ್ಳೀಲಿ ಕೇಳಿದ್ರೆ ಹಳೇ ಮಾಡೆಲ್ಲು, ಕವರ್ ಬರಲ್ಲ ಅಂತ ನಗ್ತಾರೆ.”

ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಜನ ಬಂದರು. ಮರುದಿನ ಮೂವತ್ತು. ಬಾಗಿಲ ಹಿಂದಿನ ಗೋಣಿಚೀಲಗಳು ಆಟೋ ಏರಿ ಅಂಗಡಿಗೆ ಮರಳಿದವು. ಬಣ್ಣದ ಬಗ್ಗೆ ಯಾರಾದರೂ ಮೂಗು ಮುರಿದರೆ ಶಿವಮೂರ್ತಿ ಗಂಭೀರವಾಗಿ, “ಇದು ಕತ್ತಲೆಯಲ್ಲೂ ಕಾಣ್ತದೆ, ಕಳೆದು ಹೋಗಲ್ಲ” ಎನ್ನುತ್ತಿದ್ದ. ಅದು ನಿಜವೂ ಆಗಿತ್ತು. ಒಕ್ಕೂಟದ ಸಭೆ ಸೇರಿದರೆ ಭತ್ತದ ಗದ್ದೆಗೆ ಗಿಣಿಹಿಂಡು ಇಳಿದ ಹಾಗೆ ಕಾಣುತ್ತದೆ ಎಂದು ಬಸ್ಸಿನವರು ಹೇಳತೊಡಗಿದರು.

ಅಷ್ಟರಲ್ಲಿ ಮಾಸ್ತಪ್ಪ ಸಪ್ಪೆ ಮುಖ ಹೊತ್ತು ಬಂದರು. ಫಾರ್ಟಿ ಎಸ್ ಕೂಡ ನಿಂತು ಹೋಗಿ ‘ಫಾರ್ಟಿ ಅಲ್ಟ್ರಾ’ ಬಂದಿತ್ತು. ಅವರ ಫೋನಿಗೆ ಜಿಲ್ಲೆಯಲ್ಲೆಲ್ಲೂ ಅಂಗಿಯಿರಲಿಲ್ಲ.

“ಅವಸರ ಮಾಡಿದ್ರಿ ಮಾಸ್ತಪ್ಪಣ್ಣ” ಎಂದ ಶಿವಮೂರ್ತಿ, ಬಹಳ ಮರುಕದಿಂದ. “ಕಂಪನಿಯವರು ಓಡ್ತಾರೆ ಅಂತ ನಾವೂ ಓಡಬಾರದು. ನಿಂತಲ್ಲೇ ನಿಲ್ಲಬೇಕು. ಲೋಕ ಸುತ್ತಿಕೊಂಡು ನಮ್ಮ ಹತ್ರಾನೇ ಬರ್ತದೆ.”

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೂ ಅದೇ ಭಾಷಣವಾಯಿತು. “ನೋಡಿದ್ಯಾ? ನಿಮ್ಮ ಒಕ್ಕೂಟದವರೂ ಕೊನೆಗೆ ಫಾರ್ಟಿಗೇ ಬಂದ್ರು. ನಾನು ಅವತ್ತೇ ಹೇಳಿರಲಿಲ್ವಾ?”

“ಹೂಂ” ಎಂದಳು ಯಶೋಧಾ, ಅನ್ನ ಬಡಿಸುತ್ತಾ.

“ಜನರ ನಾಡಿ ಗೊತ್ತಿರಬೇಕು.”

“ಹೂಂ. ಸಾರು ಹಾಕ್ಲಾ?”

ಮುಂದಿನ ವಾರ ಎರಡೂ ಚೀಲ ಖಾಲಿಯಾದವು. ಆಮೇಲೂ ಬೇಡಿಕೆ ನಿಲ್ಲಲಿಲ್ಲ. ಶಿವಮೂರ್ತಿ ಪಕ್ಕದ ಮನೆಗೆ ಹೋಗಿ, ಸೋಪು ಕೆಳಗಿಳಿಸಿ, ಮೂರೂ ಕವರುಗಳನ್ನು ಬೇಡಿ ತಂದು ತೊಳೆದ. ಬದಲಿಗೆ ಮೂರು ಒಳ್ಳೆಯ ಸೋಪಿನ ಡಬ್ಬಿ ಕೊಡಿಸಬೇಕಾಯಿತು. ತನ್ನ ಬಚ್ಚಲಿನದೂ ಹೋಯಿತು, ಗಂಧದ ಪರಿಮಳ ಸಮೇತ. ಅದನ್ನು ಕೊಂಡದ್ದು ಒಕ್ಕೂಟದ ಅಧ್ಯಕ್ಷೆ ಕೆರಿಯಮ್ಮ.

ಕೆರಿಯಮ್ಮ ಕವರನ್ನು ಮೂಸಿ, ಒಮ್ಮೆ ಶಿವಮೂರ್ತಿಯ ಮುಖ ನೋಡಿ, ಸುಮ್ಮನೆ ಫೋನಿಗೆ ತೊಡಿಸಿಕೊಂಡರು. ಎದುರಿಗಿರುವುದು ಅಧ್ಯಕ್ಷೆ ಎಂದಾಗ ಶಿವಮೂರ್ತಿಗೆ ಸುಮ್ಮನಿರಲು ಆಗಲಿಲ್ಲ. ಎಲ್ಲರೂ ಹೊಸದರ ಹಿಂದೆ ಬಿದ್ದಾಗ ತಾನೊಬ್ಬನೇ ಫಾರ್ಟಿಯನ್ನು ಹೇಗೆ ನಂಬಿದೆ, ಒಕ್ಕೂಟದ ಆಯ್ಕೆಯೂ ತನ್ನ ಆಯ್ಕೆಯೂ ಹೇಗೆ ಒಂದೇ ಆಯಿತು ಎಂಬುದನ್ನು ವಿಸ್ತಾರವಾಗಿ ಹೇಳಿದ.

ಕೆರಿಯಮ್ಮ ಸಮಾಧಾನದಿಂದ ಕೇಳಿಸಿಕೊಂಡರು. “ಅದು ಹಾಗಲ್ಲ ತಮ್ಮಾ. ಅವತ್ತು ಮೀಟಿಂಗಿನಲ್ಲಿ ಮೇಜಿನ ಮೇಲೆ ಮೂರು ಥರದ ಫೋನ್ ಇಟ್ಟಿದ್ರು. ಯಾವುದು ತಗಳದು ಅಂತ ಯಾರಿಗೂ ಬಗೆಹರೀಲಿಲ್ಲ. ನಿಮ್ಮ ಯಶೋಧಾ ಚೀಲದಿಂದ ಒಂದು ಹಸಿರು ಕವರ್ ತೆಗೆದು, ಒಂದೊಂದೇ ಫೋನು ಅದರೊಳಗೆ ತೂರಿಸಿ ನೋಡಿದ್ಳು. ಎರಡು ಕೂರ್ಲಿಲ್ಲ. ಮೂರನೇದು ಟಕ್ ಅಂತ ಕೂತ್ಕಂತು. ‘ಇದೇ ಇರಲಿ’ ಅಂದ್ಳು. ಯಾಕೆ ಅಂತ ಕೇಳಿದ್ರೆ, ಮನೆ ಕಥೆ ಎಲ್ಲ ಮುಚ್ಚಿಡದೆ ಹೇಳಿದ್ಳು, ದೋಸೆದೂ ಸೇರಿ. ನಕ್ಕೂ ನಕ್ಕೂ ಸಾಕಾಯ್ತು. ಹಳೇ ಮಾಡೆಲ್ಲಿಗೆ ಬೆಲೆನೂ ಕಮ್ಮಿ ಇತ್ತು ಅನ್ನು. ಎಲ್ರೂ ಕೈ ಎತ್ತಿದ್ವಿ.”

ಶಿವಮೂರ್ತಿ ಆ ದಿನ ಬೇಗ ಷಟರ್ ಎಳೆದ. ಮನೆಗೆ ಬಂದಾಗ ಯಶೋಧಾ ಕಾವಲಿಗೆ ಎಣ್ಣೆ ಸವರುತ್ತಿದ್ದಳು. ಅದು ಮತ್ತೆ ಮೊದಲಿನಂತೆ ಕಪ್ಪಗೆ ಹೊಳೆಯುತ್ತಿತ್ತು.

“ಎಲ್ಲ ಖಾಲಿಯಾಯ್ತಾ?” ಎಂದು ಅವಳು ಕೇಳಿದಳು.

“ಖಾಲಿಯಾಯ್ತು. ಕೆರಿಯಮ್ಮ ಬಂದಿದ್ರು.” ಅವನು ಅಂಗಡಿಯ ಬೀಗದ ಕೈಯನ್ನು ಮೊಳೆಗೆ ತೂಗುಹಾಕಿದ. “ಮುಂದಿನ ಸಲ ಮಾಲು ತರೋವಾಗ ನಿನ್ನನ್ನ ಒಂದು ಮಾತು ಕೇಳ್ತೀನಿ.”

“ಕೇಳೋದೆಲ್ಲ ಬೇಡ” ಎಂದು ಯಶೋಧಾ ಕಾವಲಿಯನ್ನು ಒಲೆಯ ಮೇಲಿಟ್ಟಳು. “ಜೊತೆಗೆ ಕರ್ಕೊಂಡು ಹೋಗಿ. ಬಣ್ಣ ನಾನು ನೋಡ್ತೀನಿ.”