ವರ್ಲಿನ್ ಸ್ಟಕಿಯ ಆರು ತೂತುಗಳು

ಎಲ್ಲ ರಗಳೆಗೂ ಮೂಲ ಒಂದು ಚರ್ಮದ ಒರೆ. ವರ್ಲಿನ್ ಸ್ಟಕಿ ಅದನ್ನು ತಾನೇ ಕತ್ತರಿಸಿ, ತಾನೇ ಹೊಲಿದು, ಹನ್ನೊಂದು ವರ್ಷದಿಂದ ಸೊಂಟಕ್ಕೆ ಕಟ್ಟುತ್ತಿದ್ದ. ಅದರೊಳಗೆ ಕೂತ ಪಿಸ್ತೂಲು ಹೊರಗೆ ಬರಬೇಕಾದರೆ ಹಟ ಹಿಡಿದ ಮಗುವನ್ನು ಶಾಲೆಗೆ ಎಬ್ಬಿಸಿದ ಹಾಗೆ ಒಂದಿಷ್ಟು ಓಲೈಸಬೇಕಿತ್ತು. ಓಡುತ್ತ ಗುಂಡು ಹಾರಿಸುವ, ಕ್ಷಣಕ್ಷಣವನ್ನೂ ಅಳೆಯುವ ಪಂದ್ಯದಲ್ಲಿ ಹಾಗೆ ಓಲೈಸುತ್ತ ನಿಂತವನು ಕೊನೆಯವನಾಗದೆ ಇನ್ನೇನಾಗುತ್ತಾನೆ? ಕ್ಯಾನ್ಸಸ್ಸಿನ ಹುಲ್ಲುಬಯಲಿನ ಆ ಕ್ಲಬ್ಬಿನಲ್ಲಿ ವರ್ಲಿನ್ ಹದಿನಾಲ್ಕು ತಿಂಗಳಿಂದ ಬಿಡದೆ ಕೊನೆಯವನಾಗಿದ್ದ.

ಕೊನೆಯವನಾಗುವುದು ಹೇಗೋ ಅಭ್ಯಾಸವಾಗಿತ್ತು. ಅಭ್ಯಾಸವಾಗದೆ ಉಳಿದದ್ದು ಸಲಹೆ. ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುವ ಕೆಲಸ ಅವನದು. ಅಲ್ಲಿ ಅವನು ಹೇಳಿದ್ದೇ ತೂಕ, ಯಾರೂ ಎದುರು ಮಾತಾಡುತ್ತಿರಲಿಲ್ಲ. ಶನಿವಾರ ಗುಂಡು ಹೊಡೆಯುವ ರೇಂಜಿಗೆ ಬಂದರೆ ಸಾಕು, ಬೆರಳು ಎಲ್ಲಿಡಬೇಕು, ಯಾವ ಕಣ್ಣು ಮುಚ್ಚಬೇಕು, ಬೆಳಿಗ್ಗೆ ಏನು ತಿನ್ನಬೇಕು ಎಂದು ಪ್ರತಿಯೊಬ್ಬರೂ ಅವನಿಗೆ ಹೇಳುವವರೇ.

ಇವರಲ್ಲೆಲ್ಲ ಮುಂದಾಳು ಟೈರ್ ಅಂಗಡಿಯ ರೆಕ್ಸ್ ಹಾರ್ಬಾ. ಪ್ರತಿ ತಿಂಗಳೂ ಗೆಲ್ಲುವವನು. ಅವನ ಅಂಗಿಯ ಮೇಲೆ ಅಚ್ಚಾಗಿದ್ದ ಕಂಪನಿಗಳ ಹೆಸರನ್ನು ಓದಿ ಮುಗಿಸಲು ಅವನ ಸುತ್ತ ಒಂದು ಪ್ರದಕ್ಷಿಣೆ ಬೇಕಾಗುತ್ತಿತ್ತು. ಮಂಗಳವಾರ ಸಂಜೆ ತನ್ನ ಅಂಗಡಿಯ ಹಿಂದೆ ತರಬೇತಿ ಕೊಡುತ್ತಿದ್ದ. ಆ ಶನಿವಾರ ಬೆಳಿಗ್ಗೆ ಒರೆಯನ್ನು ಕಂಡವನೇ ಅವನು ನಿಟ್ಟುಸಿರು ಬಿಟ್ಟ.

"ವರ್ಲಿನ್, ಇವತ್ತೊಂದಿನ ನನ್ನ ಮಾತು ಕೇಳು ಮಾರಾಯ. ನನ್ನ ಎರಡನೇ ಪಿಸ್ತೂಲು, ಬೆಲ್ಟು, ಒರೆ ಎಲ್ಲ ತಂದಿದೀನಿ. ಹಾಕ್ಕೊಂಡು ಹೊಡಿ. ಅದರಲ್ಲೂ ಕೊನೆಯವನಾದ್ರೆ ಮಂಗಳವಾರದಿಂದ ಕ್ಲಾಸಿಗೆ ಬಾ. ಒಂದು ವರ್ಷ. ನಿನ್ನನ್ನ ಸರಿ ಮಾಡೋ ಜವಾಬ್ದಾರಿ ನಂದು."

ಬೇಡ ಎನ್ನಲು ವರ್ಲಿನ್ ಬಾಯಿ ತೆರೆಯುವಷ್ಟರಲ್ಲಿ ಬೆಲ್ಟು ಅವನ ಸೊಂಟದ ಮೇಲಿತ್ತು.

ರೆಕ್ಸ್ ಒಂದನ್ನು ಮರೆತಿದ್ದ. ಅಂಥ ಬೆಲ್ಟು ಒಂದಲ್ಲ, ಎರಡು. ಒಳಗಿನದು ಪ್ಯಾಂಟಿಗೆ, ಹೊರಗಿನದು ಒಳಗಿನದಕ್ಕೆ ಅಂಟಿಕೊಳ್ಳಬೇಕು. ಒಳಗಿನದು ರೆಕ್ಸನ ಸೊಂಟದಲ್ಲೇ ಇತ್ತು. ಮೊದಲ ಸುತ್ತಿನಲ್ಲಿ ಟೈಮರ್ ಕೀಂ ಎಂದಿತು, ವರ್ಲಿನ್ ಪಿಸ್ತೂಲನ್ನು ಎಳೆದ. ಪಿಸ್ತೂಲಿನ ಜೊತೆಗೆ ಒರೆ, ಒರೆಯ ಜೊತೆಗೆ ಬೆಲ್ಟು, ಎಲ್ಲವೂ ಮೆರವಣಿಗೆಯಲ್ಲಿ ಕಂಕುಳಿನವರೆಗೆ ಏರಿದವು. ಎಡಗೈಯಲ್ಲಿ ಬೆಲ್ಟನ್ನು ಕೆಳಗೆ ಜಗ್ಗುತ್ತ ಬಲಗೈಯಲ್ಲಿ ಪಿಸ್ತೂಲು ಬಿಡಿಸುವುದರೊಳಗೆ ರೆಕ್ಸ್ ಇಡೀ ಸುತ್ತು ಮುಗಿಸುವಷ್ಟು ಹೊತ್ತಾಗಿತ್ತು.

ಎರಡನೆಯ ಸುತ್ತಿಗೆ ಮುಂಚೆ ಹಲ್ಲಿನ ಡಾಕ್ಟರು ಕಾನ್ರಾಡ್ ಫ್ರೀಸನ್ ಒಂದು ಸಣ್ಣ ಬಾಟಲಿ ಹಿಡಿದು ಬಂದರು. ತಪ್ಪೆಲ್ಲ ಹಿಡಿತದ್ದು, ಅಂಗೈಗೆ ಈ ಅಂಟು ಸವರಿದರೆ ಪಿಸ್ತೂಲು ಅಲುಗದು ಎಂದರು. ಎರಡೇ ಹನಿ ಎಂದು ಬಾಟಲಿಯ ಮೇಲೆ ಬರೆದಿತ್ತು. ಡಾಕ್ಟರು ಧಾರಾಳ ಮನಸ್ಸಿನವರು. ಪಿಸ್ತೂಲೇನೋ ಅಲುಗಲಿಲ್ಲ, ಆದರೆ ಪಿಸ್ತೂಲಿಗೆ ತುರುಕಬೇಕಾದ, ಗುಂಡು ತುಂಬಿದ ಮ್ಯಾಗಜೀನ್ ಕೂಡ ಅಂಗೈ ಬಿಟ್ಟು ಹೋಗಲೊಪ್ಪಲಿಲ್ಲ. ಸುತ್ತು ಮುಗಿದ ಮೇಲೆ ಬೆವರು ಒರೆಸಿಕೊಳ್ಳಲು ಹೋಗಿ ಹುಬ್ಬಿನ ನಾಲ್ಕು ಕೂದಲನ್ನೂ ಕಳೆದುಕೊಂಡ.

ಮೂರನೆಯದರಲ್ಲಿ ಯಾವ ಗುರಿಗೆ ಎಷ್ಟು ಹೆಜ್ಜೆ, ಎಲ್ಲಿ ಉಸಿರು ಎಂದು ರೆಕ್ಸ್, ಡಾಕ್ಟರು ಇಬ್ಬರೂ ಸೇರಿ ಬಾಯಿಪಾಠ ಮಾಡಿಸಿದರು. ಹೆಜ್ಜೆಗಳು ನೆನಪಿದ್ದವು, ಎರಡು ಗುರಿಗಳು ಮರೆತುಹೋದವು.

ಈ ಗುಂಪಿನಲ್ಲಿ ಸಲಹೆ ಕೊಡದ ಜೀವ ಒಂದೇ. ನಿವೃತ್ತ ಪೋಸ್ಟ್ ಮಾಸ್ತರು ಅರ್ಲೆಟ್ಟ ಕೋನ್. ಎಪ್ಪತ್ತು ದಾಟಿದ ಈ ಹೆಂಗಸು ಈಗ ಹೊಡೆಯುತ್ತಿರಲಿಲ್ಲ, ಟೇಪು ಅಂಟಿಸುತ್ತಿದ್ದರು. ಒಬ್ಬನ ಸರದಿ ಮುಗಿದು, ರೇಂಜಿನ ಅಧಿಕಾರಿ ರಟ್ಟಿನ ಗುರಿಗಳ ತೂತು ಎಣಿಸಿ ಅಂಕ ಕೂಗಿದ ಮೇಲೆ, ಆ ತೂತುಗಳಿಗೆ ಕಂದು ಟೇಪು ಬೀಳಬೇಕು. ಆಗಲೇ ಮುಂದಿನವನಿಗೆ ಗುರಿ ಹೊಸದು.

ಕೊನೆಯ ಸುತ್ತಿಗೆ ಮುಂಚೆ ವರ್ಲಿನ್ ಬೆಲ್ಟು ಬಿಚ್ಚಿದ. ರೆಕ್ಸನ ಪಿಸ್ತೂಲು, ಒರೆ, ಡಾಕ್ಟರ ಬಾಟಲಿ, ಮೂರನ್ನೂ ಮೇಜಿನ ಮೇಲೆ ಸಾಲಾಗಿಟ್ಟ. ತನ್ನ ಚರ್ಮದ ಒರೆಯನ್ನೂ ಹಳೆಯ ಪಿಸ್ತೂಲನ್ನೂ ಕಟ್ಟಿಕೊಂಡ. ಹದಿನಾಲ್ಕು ತಿಂಗಳ ಸಿಟ್ಟು ಒಟ್ಟಿಗೆ ಹೊರಬಂತು.

"ಬೆಳಿಗ್ಗೆಯಿಂದ ನನ್ನನ್ನ ಮದುಮಗನ ಥರ ಸಿಂಗಾರ ಮಾಡಿದೀರ," ಎಂದ. "ಸಾಕು. ಇದೊಂದು ಸುತ್ತು ನಂದು. ಇದರಲ್ಲಿ ನಿಮ್ಮಲ್ಲಿ ಒಬ್ಬರನ್ನಾದ್ರೂ ಹಿಂದೆ ಹಾಕಿದ್ರೆ, ಇನ್ಮೇಲೆ ನನ್ನ ಒರೆ, ನನ್ನ ಕೈ, ನನ್ನ ಕಣ್ಣು ಯಾವುದರ ಬಗ್ಗೆನೂ ಯಾರೂ ಉಸಿರೆತ್ತಬಾರದು. ಆಗಲಿಲ್ಲ ಅಂದ್ರೆ ವರ್ಷಪೂರ್ತಿ ಮಂಗಳವಾರ ನಿಂದೇ, ರೆಕ್ಸ್."

ಡಾಕ್ಟರು ಹೊಡೆದರು, ಇಪ್ಪತ್ತೆರಡು ಸೆಕೆಂಡು. ರೆಕ್ಸ್ ಹನ್ನೆರಡರಲ್ಲಿ ಮುಗಿಸಿದ. ಎಲ್ಲರಿಗಿಂತ ಕೊನೆಗೆ ವರ್ಲಿನ್.

ಟೈಮರ್ ಕೂಗಿತು. ಒರೆ ಯಾಕೋ ಆ ದಿನ ಹಟ ಮಾಡಲಿಲ್ಲ. ಹತ್ತಿರದ ಆರು ರಟ್ಟುಗಳಿಗೆ ಎರಡೆರಡು ಗುಂಡು ನೆಟ್ಟಗೆ ಬಿದ್ದವು. ವರ್ಲಿನ್ ಗಾಳಿಗೆ ಎದುರಾಗಿ ಓಡಿದ, ಬಯಲಿನಲ್ಲಿ ನಿಲ್ಲಿಸಿದ್ದ ಬಾಗಿಲಿನ ಚೌಕಟ್ಟಿನಿಂದ ದೂರದ ಮೂರು ರಟ್ಟುಗಳಿಗೆ ಆರು ಗುಂಡು ಹಾರಿಸಿದ. ಹತ್ತೊಂಬತ್ತು ಸೆಕೆಂಡು, ಡಾಕ್ಟರಿಗಿಂತ ಮೂರು ಕಡಿಮೆ. ಪಿಸ್ತೂಲು ಖಾಲಿ ಮಾಡಿ ತೋರಿಸಿ ತಲೆಯೆತ್ತಿ ನೋಡಿದರೆ ದೂರದ ಮೂರೂ ರಟ್ಟುಗಳ ನಟ್ಟನಡುವೆ ಜೋಡಿ ಜೋಡಿ ತೂತು. ಅವನ ಎದೆ ತುಂಬಿ ಬಂತು. ಯಾರಾದರೂ ನೋಡಿದರೇ ಎಂದು ಹಿಂತಿರುಗಿದ. ರೆಕ್ಸ್ ಚೀಲ ಕಟ್ಟುತ್ತಿದ್ದ, ಡಾಕ್ಟರು ನೀರು ಕುಡಿಯುತ್ತಿದ್ದರು. ವರ್ಲಿನ್ ಹೊಡೆಯುವುದನ್ನು ಯಾರೂ ನೋಡುವ ಪದ್ಧತಿಯೇ ಇರಲಿಲ್ಲ. ಅಧಿಕಾರಿ ಗೇಲೆನ್‌ನ ಕಣ್ಣು ನಿಯಮದಂತೆ ಪಿಸ್ತೂಲಿನ ಮೇಲಿತ್ತು, ಗುರಿಯ ಮೇಲಲ್ಲ.

ಗೇಲೆನ್ ಅಂಕ ಕೂಗುತ್ತ ಆರು ರಟ್ಟು ಮುಗಿಸಿ ದೂರದವುಗಳ ಹತ್ತಿರ ಬಂದ. ಮೂರರಲ್ಲೂ ಒಂದೂ ತೂತಿಲ್ಲ, ಬರೀ ಟೇಪು. ಪಕ್ಕದಲ್ಲಿ ಅರ್ಲೆಟ್ಟ ಸುರುಳಿ ಹಿಡಿದು ನಿಂತಿದ್ದರು.

"ಗೇಲೆನ್ ಆ ಆರನ್ನ ಎಣಿಸ್ತಿದ್ದಾಗ ನಾನೇ ಮುಚ್ಚಿದ್ದು," ಎಂದರು ಆಕೆ. "ರೆಕ್ಸ್ ಹೊಡೆದಾದ ಮೇಲೆ ಗಾಳಿಗೆ ಟೇಪು ಉರುಳ್ಕೊಂಡು ಹೋಯ್ತು. ಅದರ ಹಿಂದೆ ಓಡಿದ್ದರಲ್ಲಿ ಇವು ಮೂರು ಮರೆತಿದ್ದೆ ಅಂದ್ಕೊಂಡೆ. ನಡು ಮಧ್ಯ ಬಿದ್ದಿತ್ತಲ್ಲ, ರೆಕ್ಸನದೇ ಇರಬೇಕು ಅನ್ನಿಸ್ತು. ಬೇಜಾರು ಮಾಡ್ಕೋಬೇಡ ಕಣಪ್ಪ ವರ್ಲಿನ್, ನೀನು ಅಲ್ಲಿಗೆ ಹೊಡೆದದ್ದನ್ನ ನಾನು ಯಾವತ್ತೂ ಕಂಡಿಲ್ಲ."

ಸಲಹೆ ಕೊಡದ ಒಂದೇ ಜೀವ ಹೀಗೆಂದದ್ದು ವರ್ಲಿನ್‌ಗೆ ಕಪಾಳಕ್ಕೆ ಬಿದ್ದಂತಾಯಿತು. ತನ್ನದು ಹಳೆಯ ದೊಡ್ಡ ಪಿಸ್ತೂಲು, ಗುಂಡು ದಪ್ಪ, ರೆಕ್ಸನದು ಸಣ್ಣ ಗುಂಡು, ಟೇಪು ಕಿತ್ತು ತೂತು ನೋಡಿ ಎಂದು ವಾದಿಸಿದ. ಗೇಲೆನ್ ಒಂದರ ಅಂಚು ಎತ್ತಿದ್ದೇ ರಟ್ಟಿನ ಸಿಪ್ಪೆಯೂ ಎದ್ದು ಬರತೊಡಗಿತು. ಅಲ್ಲಿಗೇ ಬಿಟ್ಟ.

"ನಿಯಮ ಇದೆ. ಎಣಿಸೋ ಮುಂಚೆ ಟೇಪು ಬಿದ್ರೆ ಸುತ್ತು ಮತ್ತೆ ಹೊಡೀಬೇಕು," ಎಂದ ಗೇಲೆನ್.

"ಹೊಡೆದಾಯ್ತು. ಮತ್ತೆ ಹೊಡಿಯಲ್ಲ."

"ಹೊಡಿಯಲ್ಲ ಅಂದ್ರೆ ಸೊನ್ನೆ."

"ಹಾಕು ಸೊನ್ನೆ."

ರೆಕ್ಸ್ ಕೂಡ ಬಂದು ಬೇಡಿಕೊಂಡ. ಪುಕ್ಕಟೆ ಸಿಗುವ ಇನ್ನೊಂದು ಅವಕಾಶವನ್ನು ಯಾವ ಹುಚ್ಚ ಬಿಡುತ್ತಾನೆ ಎಂದ. ವರ್ಲಿನ್ ಅಲುಗಲಿಲ್ಲ. ಜೀವನದಲ್ಲಿ ಒಮ್ಮೆ ಚೆನ್ನಾಗಿ ಮಾಡಿದ್ದನ್ನು ಇನ್ನೊಮ್ಮೆ ಮಾಡಿ ಸಾಬೀತುಪಡಿಸು ಎನ್ನುವುದನ್ನು ಅವನು ಸಹಿಸಲಾರದೆ ಹೋದ. ಮೂರು ರಟ್ಟುಗಳನ್ನೂ ಕಿತ್ತು ಕಂಕುಳಲ್ಲಿ ಇಟ್ಟುಕೊಂಡು, ತಲೆಯೆತ್ತಿ ತನ್ನ ಪಿಕಪ್ ಗಾಡಿಯ ಕಡೆ ನಡೆದ. ಮಂಗಳವಾರ ಟೇಪು ಬಿಡಿಸಿದ ಇವನ್ನು ರೆಕ್ಸನ ಕ್ಲಾಸಿನಲ್ಲಿ ಎಲ್ಲರ ಮುಂದೆ ಎಸೆಯುತ್ತೇನೆ ಎಂದು ದಾರಿಯುದ್ದಕ್ಕೂ ಸ್ಟಿಯರಿಂಗಿಗೆ ಹೇಳಿದ.

ಮನೆಯಲ್ಲಿ ಹೆಂಡತಿ ಟ್ವೈಲಾ ಕೆಟಲ್ ಇಟ್ಟುಕೊಟ್ಟಳು. ಹಬೆ ಹಿಡಿದಂತೆ ನಡುವಿನ ಹೊಸ ಟೇಪು ಮೆತ್ತಗಾಯಿತು. ವರ್ಲಿನ್ ಗಾಯದ ಪಟ್ಟಿ ಬಿಚ್ಚುವ ನರ್ಸಿನ ಹಾಗೆ ಮೆಲ್ಲಗೆ ಬಿಡಿಸಿದ. ಒಂದೊಂದಾಗಿ ಆರು ತೂತುಗಳು ಬೆಳಕಿಗೆ ಬಂದವು, ನಟ್ಟನಡುವೆ, ಚೊಕ್ಕವಾಗಿ. ಅವನು ಜೇಬಿನಿಂದ ತನ್ನದೊಂದು ಗುಂಡು ತೆಗೆದು ಮೊದಲ ತೂತಿಗೆ ಇಟ್ಟ.

ಗುಂಡು ತೂತಿನ ಬಾಯಲ್ಲೇ ನಿಂತಿತು. ಎರಡನೆಯದಕ್ಕಿಟ್ಟ, ಅದೂ ಒಳಗೆ ಹೋಗಲಿಲ್ಲ. ಆರರಲ್ಲಿ ಒಂದೂ ಅವನದಾಗಿರಲಿಲ್ಲ, ಎಲ್ಲವೂ ರೆಕ್ಸನ ಸಣ್ಣ ಗುಂಡಿನವು. ಅವನ ಆರು ಗುಂಡುಗಳು ಎಲ್ಲೋ ಹಿಂದಿನ ಮಣ್ಣಿನ ಏರಿಯಲ್ಲಿ ಹೂತು ಮಲಗಿದ್ದವು. ಅರ್ಲೆಟ್ಟ ಹೇಳಿದ್ದು ಅಕ್ಷರಶಃ ನಿಜ.

ಟ್ವೈಲಾ ಕೆಟಲ್ ಇಳಿಸಿದಳು. ಆಗ ಫೋನ್ ಬಂತು. ರೆಕ್ಸ್. ಅವನ ದನಿ ಎಂದಿನಂತಿರಲಿಲ್ಲ.

"ವರ್ಲಿನ್, ನೀನು ಹೋದ ಮೇಲೆ ನಾವೆಲ್ಲ ಮಾತಾಡಿದ್ವಿ. ತನ್ನದಲ್ಲದ ತೂತಿಗೋಸ್ಕರ ಯಾರೂ ಹಾಗೆ ಎದೆ ಸೆಟೆದು ನಿಲ್ಲಲ್ಲ. ಅವು ನಿನ್ನವೇ. ಅರ್ಲೆಟ್ಟ ಅತ್ತೇಬಿಟ್ರು. ಗೇಲೆನ್ ಅಂಕ ಕೊಡ್ತಾನಂತೆ. ಇನ್ಮೇಲೆ ನಿನ್ನ ಒರೆ ವಿಷಯಕ್ಕೆ ಯಾರೂ ಬರಲ್ಲ, ನನ್ನಾಣೆ."

ವರ್ಲಿನ್ ಕೈಯಲ್ಲಿದ್ದ ದಪ್ಪ ಗುಂಡನ್ನು ನೋಡಿದ. ಹದಿನಾಲ್ಕು ತಿಂಗಳಿಂದ ಬಯಸಿದ್ದ ಮಾತು ಕಿವಿಗೆ ಬಿದ್ದಿತ್ತು. ಸುಮ್ಮನೆ ಹೂಂ ಎಂದರೆ ಮುಗಿಯುತ್ತಿತ್ತು. ಹೂಂ ಎನ್ನಲು ಬಾಯಿ ಬರಲಿಲ್ಲ, ಅದಕ್ಕೆ ತನ್ನ ಮೇಲೇ ಅವನಿಗೆ ಸಿಟ್ಟು ಬಂತು.

"ಅಂಕ ಬೇಡ ಅಂತ ಗೇಲೆನ್‌ಗೆ ಹೇಳು. ಅರ್ಲೆಟ್ಟಗೆ ನಾನೇ ಫೋನ್ ಮಾಡ್ತೀನಿ," ಎಂದ. "ಮಂಗಳವಾರ ಎಷ್ಟು ಗಂಟೆಗೆ ಬರಬೇಕು?"

"ಆರಕ್ಕೆ," ಎಂದ ರೆಕ್ಸ್.

"ನನ್ನ ಒರೆ ಕಟ್ಕೊಂಡೇ ಬರ್ತೀನಿ," ಎಂದು ವರ್ಲಿನ್ ಫೋನ್ ಇಟ್ಟ.