ಇಪ್ಪತ್ಮೂರು ಭುಜದ ಹೊಲಕ್ಕೆ ನಾಮಕರಣ

ಹತ್ತಕ್ಕಿಂತ ಹೆಚ್ಚು ಭುಜಗಳುಳ್ಳ ಹೊಲಕ್ಕೆ ನಮ್ಮ ತಾಲೂಕಿನಲ್ಲಿ 1976ರ ಮೇ ತಿಂಗಳವರೆಗೆ ಅಧಿಕೃತ ಹೆಸರು ಇರಲಿಲ್ಲ. ತಾಲೂಕು ಕಚೇರಿಯ ಕಾರಕೂನನಾಗಿ ಇದನ್ನು ನಾನು ಖಾತ್ರಿಯಿಂದ ಹೇಳುತ್ತೇನೆ. ಇತ್ತು ಎನ್ನುವವರು ಫೈಲು ನೋಡಿದವರಲ್ಲ.

ಸಾವಂತ್ರೆವ್ವ ಎಂಬಾಕೆ ಶಂಭುಲಿಂಗಪ್ಪನವರ ಹಳ್ಳದ ದಂಡೆಯ ಹೊಲವನ್ನು ಇಪ್ಪತ್ತು ವರ್ಷದಿಂದ ಪಾಲಿಗೆ ಮಾಡುತ್ತಿದ್ದಳು. ಉಳುವವರ ಹೆಸರಿಗೇ ಹೊಲ ಎಂದು ಕಾಯ್ದೆ ಬಂದದ್ದರಿಂದ ಅರ್ಜಿ ಹಿಡಿದು ಬಂದಳು. ಮೋಜಣಿದಾರ ಮಾಬುಸಾಬ ಸರಪಳಿ ಹಿಡಿದು ಹೊಲ ಅಳೆದು ಬಂದ. ಹಳ್ಳ ತಿರುಗಿದಲ್ಲೆಲ್ಲ ಬದುವೂ ತಿರುಗಿ, ಒಟ್ಟು ಇಪ್ಪತ್ಮೂರು ಭುಜ.

ಹೊಸ ಫಾರ್ಮಿನ ಮೂರನೇ ಕಾಲಮು: 'ಹೊಲದ ಆಕಾರ. ಹೆಸರಿನಿಂದಲೇ ಬರೆಯತಕ್ಕದ್ದು, ಅಂಕಿಯಿಂದ ಬರೆಯತಕ್ಕದ್ದಲ್ಲ.' ನಾಲ್ಕನೆಯದು ಒಡೆಯರ ಹೆಸರು. ಮೂರು ತುಂಬದೆ ನಾಲ್ಕಕ್ಕೆ ಹೋಗುವಂತಿಲ್ಲ. ಜೊತೆಗೆ ಬಂದ ಯಾದಿಯಲ್ಲಿ ತ್ರಿಭುಜದಿಂದ ದಶಭುಜದವರೆಗೆ ಮಾತ್ರ ಹೆಸರುಗಳಿದ್ದವು.

"ಯಪ್ಪಾ, ಆಕಾರ ಕಟಗೊಂಡು ನಾ ಏನ್ ಮಾಡ್ಲಿ? ನನ್ನ ಹೆಸರು ಬರೀರಿ, ಸಾಕು," ಎಂದಳು ಸಾವಂತ್ರೆವ್ವ. ಏನು ಹೇಳುವುದು ಇಂಥವರಿಗೆ! ಮೂರಾದ ಮೇಲೆ ನಾಲ್ಕು ಎಂಬುದೂ ತಿಳಿಯದು.

ತಾಲೂಕಿನ ಸಾಹೇಬರಾದ ಮಾಮಲೇದಾರರು ಸಭೆ ಕರೆದರು. ಸಭೆಗೆಂದು ಶಂಭುಲಿಂಗಪ್ಪನವರು ನವಲಗುಂದದಿಂದ ಹೊಸ ಜಮಖಾನೆ ತರಿಸಿಕೊಟ್ಟರು. ಅದನ್ನು ಲಂಚ ಎನ್ನಬಾರದು, ಎಲ್ಲರ ಎದುರಿಗೇ ಹಾಸಿ ಕೂತಿದ್ದೇವೆ.

ಗಣಿತದ ಕನಕಪ್ಪ ಮಾಸ್ತರರನ್ನು ಕರೆಸಲಾಯಿತು. "ಸಂಸ್ಕೃತದಾಗ ತ್ರಯೋವಿಂಶತಿಭುಜ ಅಂತಾರ್ರಿ," ಎಂದರು. ನಾನು ಬರೆದು ನೋಡಿದೆ. ಕಾಲಮಿನಲ್ಲಿ ಹಿಡಿದದ್ದು ನಾಲ್ಕೇ ಅಕ್ಷರ. ಉಳಿದ 'ತಿಭುಜ' ಬಾಜೂಕಿನ ಕಾಲಮಿಗೆ ದಾಟಿತು. ಹರಹರಾ! ತಿಭುಜ ಎಂಬ ಅಪರಿಚಿತನೊಬ್ಬ ಹೊಲದ ಒಡೆಯನಾಗಿಬಿಡುತ್ತಿದ್ದ.

"ಹತ್ತು ದಾಟಿತಂದ್ರ ಹೆಸರಿನ ಗೊಡವಿ ಯಾಕ್ರಿ?" ಎಂದರು ಮಾಸ್ತರರು. "ಇಪ್ಪತ್ಮೂರು ಅಂತ ಅಂಕಿ ಬರದು ಮುಂದ ಭುಜ ಅಂತ ಹಚ್ರಿ. ಗಣಿತದವರೂ ಹಂಗ ಮಾಡ್ತಾರ."

"ಗಣಿತದವರಿಗೆ ಮ್ಯಾಲಿನ ಸಾಹೇಬ್ರು ಇರಂಗಿಲ್ಲ, ಮಾಸ್ತರ. ನಮಗ ಅದಾರ," ಎಂದರು ಮಾಮಲೇದಾರರು.

ಏಳನೆಯ ಸಭೆಯಲ್ಲಿ ಬೇಸತ್ತ ಮಾಬುಸಾಬ, "ಸಾಹೇಬ್ರ, ಊರಾಗ ಎಲ್ಲಾರೂ ಸಾವಂತ್ರೆವ್ವನ ಹೊಲ ಅಂತಾರ್ರಿ," ಎಂದ. ಬರೆದು ನೋಡಿದೆ. 'ಸಾವಂತ್ರೆವ್ವ' ಎಂದರೆ ನಾಲ್ಕೇ ಅಕ್ಷರ, ಅಗದಿ ಬರೋಬ್ಬರಿ ಕೂತಿತು.

ಆಜ್ಞೆ ಹೊರಟಿತು: 'ಹತ್ತಕ್ಕಿಂತ ಹೆಚ್ಚು ಭುಜಗಳುಳ್ಳ ಸಕಲ ಹೊಲಗಳ ಆಕಾರವನ್ನು ಇನ್ನು ಮುಂದೆ ಸಾವಂತ್ರೆವ್ವ ಎಂದು ಕರೆಯತಕ್ಕದ್ದು. ಒಂದು ಹೆಸರನ್ನು ಒಂದೇ ಫಾರ್ಮಿನಲ್ಲಿ ಎರಡು ಸಲ ಬರೆಯತಕ್ಕದ್ದಲ್ಲವಾದ್ದರಿಂದ, ನಾಲ್ಕನೇ ಕಾಲಮಿನಲ್ಲಿ ಶಂಭುಲಿಂಗಪ್ಪನವರ ಹೆಸರು ಯಥಾಪ್ರಕಾರ ಮುಂದುವರಿಯುವುದು.'

ಆಕೆಗೆ ಓದಿ ಹೇಳಿದೆ. ಕಣ್ಣು ತುಂಬಿದ್ದವು, ಅದನ್ನು ನಾನು ನೋಡಿದೆ. ಆಮೇಲೆ ಕೇಳಿದಳು: "ಅಂಥಾ ಹೊಲ ತಾಲೂಕಿನಾಗ ಎಷ್ಟ ಅದಾವ್ರಿ?"

"ಅರವತ್ತೊಂದು."

"ಎಲ್ಲಾದಕ್ಕೂ ನನ್ನ ಹೆಸರ?"

"ಸರಕಾರಿ ಆಜ್ಞಾ ಐತಿ, ಸುಳ್ಳಲ್ಲ," ಎಂದೆ.

ಜೋಳದ ರಾಶಿಯ ಕಾಲಕ್ಕೆ ಕಣಕ್ಕೆ ಬಂದ ಬಡಿಗ, ಕಮ್ಮಾರ, ಕ್ಷೌರಿಕರಿಗೆ ಆಯ ಎಂದು ಒಂದೊಂದು ಮರ, ಅಂದರೆ ಕೇರುವ ಮೊರ ತುಂಬ, ಕಾಳು ಕೊಡುವುದು ನಮ್ಮ ಕಡೆಯ ರೂಢಿ. ಆ ವರ್ಷ ಅಂಥ ಪ್ರತಿ ಹೊಲದ ಕಣದಲ್ಲೂ ಅವರ ಸಾಲಿನಲ್ಲಿ ಸಾವಂತ್ರೆವ್ವನೂ ಮರ ಹಿಡಿದು ನಿಂತಳು. "ಹೊಲಕ್ಕ ಹೆಸರು ಕೊಟ್ಟಾಕಿ ನಾನು. ಹಾಕ್ರಿ ನನ್ನ ಆಯ," ಎಂದಳು. ಕಣದಲ್ಲಿ ಕೇಳಿದವರಿಗೆ ಇಲ್ಲ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಶಂಭುಲಿಂಗಪ್ಪನವರ ಇಂಥ ಹೊಲಗಳೇ ಹದಿನಾಲ್ಕು.

ಅವರು ಕಚೇರಿಗೆ ಓಡಿ ಬಂದರು. "ಆ ಹೆಸರು ತಗೀರಿ, ಸಾಹೇಬ್ರ!"

ಮಾಮಲೇದಾರರು ಜಮಖಾನೆಯ ಮೇಲೆ ಕೂತೇ ಕೇಳಿದರು: "ತಗದು ಯಾವ ಹೆಸರು ಇಡೂಣ್ರಿ?"

ಮತ್ತೆ ಏಳು ಸಭೆ! ಹೆಸರು ಹಾಗೇ ಉಳಿಯಿತು. ಈಗ ಆಕೆ ಪ್ರತಿವರ್ಷ ಚಕ್ಕಡಿ ಹೂಡಿಕೊಂಡೇ ಬರುತ್ತಾಳೆ, ಚಕ್ಕಡಿಯೂ ಶಂಭುಲಿಂಗಪ್ಪನವರದೇ. ಶಾಲೆಯಲ್ಲಿ ಕನಕಪ್ಪ ಮಾಸ್ತರರು ದಶಭುಜದ ನಂತರ ಸಾವಂತ್ರೆವ್ವ ಎಂದೇ ಕಲಿಸುತ್ತಾರೆ.

ಮೊನ್ನೆ ನನ್ನ ಕಣಕ್ಕೂ ಬಂದಳು. ನನ್ನ ಹೊಲಕ್ಕೆ ಇರುವುದು ಹನ್ನೊಂದೇ ಭುಜ, ಅರ್ಧ ಮರ ಸಾಲದೇ ಎಂದು ಕೇಳಿ ನೋಡಿದೆ.

"ಕಾರಕೂನರ, ಆಜ್ಞಾ ನೀವ ಓದಿ ಹೇಳಿದ್ರೆಲ್ಲ," ಎಂದಳು.

ಮರ ತುಂಬಿ ಹಾಕಿದೆ.