ಮೂಗುರಾಯರ ಬೂಷ್ಟು

ಬಿದ್ದ ಹಲ್ಲಿನ ಜಾಗಕ್ಕೆ ಹೊಸ ಹಲ್ಲು ನೆಡಿಸಿಕೊಂಡು ಆರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮೂಗುರಾಯರು ಸವಿದ ಮೊದಲ ಕಪ್ ಚಹಾ ಮುಗ್ಗಲು ವಾಸನೆ ಹೊಡೆಯಿತು. ಎರಡನೆಯದೂ ಹೊಡೆಯಿತು. ಹದಿನಾಲ್ಕನೆಯದೂ!

ಚಹಾ ಕಾರ್ಖಾನೆಯಲ್ಲಿ ಅವರ ಕೆಲಸವೆಂದರೆ ರುಚಿ ನೋಡಿ ಸಹಿ ಹಾಕುವುದು. ಇಪ್ಪತ್ತು ವರ್ಷದಿಂದ ಅವರ ಮೂಗು ಹೇಳಿದ್ದೇ ಕೊನೆಯ ಮಾತು. ಆ ಹೆಸರು ಬಂದದ್ದೂ ಹಾಗೆಯೇ. “ಬೂಷ್ಟು ಹಿಡಿದಿದೆ, ಲಾರಿ ನಿಲ್ಲಿಸಿ” ಎಂದರು.

ಕಚೇರಿಗೆ ಕಚೇರಿಯೇ ಮೂಸಲು ಬಂತು.

“ನಮಗೇನೂ ಬರ್ತಿಲ್ವಲ್ಲ ಸಾರ್” ಎಂದಳು ಪ್ಯಾಕಿಂಗ್ ಅಕ್ಕ. “ನಿಮ್ಮ ಕಾಲುಚೀಲ ಇರ್ಬೇಕು. ಇಲ್ಲಾ ಗೋದಾಮಿನ ಸೂರು ಸೋರಿರ್ಬೇಕು. ಇಲ್ಲಾ ಇಲಿ ಸತ್ತಿರ್ಬೇಕು.”

ಗುಮಾಸ್ತ ಮೇಜಿನಡಿ ನುಗ್ಗಿ, ಅವರ ಪಾದ ಮೂಸಿ, “ಕಾಲುಚೀಲ ಅಲ್ಲ” ಎಂದು ತೀರ್ಪಿತ್ತ.

ಮ್ಯಾನೇಜರ್ ಮಾತ್ರ ನಗಲಿಲ್ಲ. “ಒಂದೋ ಚಹಾ ಕೆಟ್ಟಿದೆ, ಇಲ್ಲಾ ನಿಮ್ಮ ಮೂಗು ಕೆಟ್ಟಿದೆ. ಮೂಗೇ ಆದ್ರೆ ನಾಳೆಯಿಂದ ಬೇರೆಯವರನ್ನ ನೋಡ್ಕೋತೀನಿ. ಮೂರು ಗಂಟೆಗೆ ಉತ್ತರ ಬೇಕು.”

ಮೂಗುರಾಯರು ಗಡಿಯಾರ ನೋಡಿದರು. ಈ ವಯಸ್ಸಿನಲ್ಲಿ ಬೇರೆ ಯಾವ ಕೆಲಸ ಕಲಿಯುವುದು? ಹಲ್ಲುನೋವೆಂದು ಸುಳ್ಳು ಹೇಳಿ ಮೂಗಿನ ಡಾಕ್ಟರ ಬಳಿ ಓಡಿದರು.

ಡಾಕ್ಟರು ಸೋಪು ಹಿಡಿದರು. “ಇದು?”

“ಮುಗ್ಗಲು.”

“ಈ ಬಿಸಿನೀರು?”

“ಅದೂ ಮುಗ್ಗಲು” ಎಂದರು ಮೂಗುರಾಯರು.

ಸ್ಕ್ಯಾನ್ ಬಂತು. “ಮೇಲ್ದವಡೆಗೆ ಕೂರಿಸಿದ ಹಲ್ಲಿನ ತಿರುಪು ಮೂಳೆ ದಾಟಿ ಮೂಗಿನ ಪಕ್ಕದ ಪೊಳ್ಳಿಗೆ, ಸೈನಸ್‌ಗೆ, ತಲೆ ಹಾಕಿದೆ. ಅಲ್ಲಿ ಬೂಷ್ಟು ಉಂಡೆಕಟ್ಟಿದೆ. ಆಪರೇಷನ್ ಮಾಡಿ ತೆಗೀಬಹುದು, ಹೆದರ್ಬೇಡಿ.”

ಹೆದರದೆ ಏನು ಮಾಡಿಯಾರು? ವರದಿಯನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿಗೆ ತುರುಕಿದರು. ಬೂಷ್ಟು ಮೂಗಲ್ಲಿದೆ ಅಂದಮೇಲೆ ಚಹಾ ಚೊಕ್ಕವಾಗಿದೆ ಎಂದೇ ಅರ್ಥ. ಆಪರೇಷನ್ನಿಗೆ ನಾಲ್ಕು ದಿನ ಹೆಂಡತಿ ಕಡೆಯ ಮದುವೆ ಎಂದು ರಜೆ ಹಾಕಿದರಾಯಿತು.

ಮೂರಕ್ಕೆ ಐದು ನಿಮಿಷವಿರುವಾಗ ಕಾರ್ಖಾನೆ ಹೊಕ್ಕರು. “ಕಪ್ ಸರಿಯಾಗಿ ತೊಳೆದಿರಲಿಲ್ಲ ಸಾರ್. ಚಹಾ ಅಪ್ಪಟ” ಎಂದು ಉಸಿರು ಬಿಗಿಹಿಡಿದೇ ಸಹಿ ಜಡಿದರು. ಲಾರಿ ಹೊರಟಿತು. ಅವರಿಗೆ ಹೋದ ಜೀವ ಬಂದಂತಾಯಿತು.

ಐದೂವರೆಗೆ ಚಹಾ ಕೊಂಡವರಿಂದ ಫೋನು ಬಂತು. ಕೇಳುತ್ತ ಕೇಳುತ್ತ ಮ್ಯಾನೇಜರ ಮುಖ ಕೆಂಪಾಯಿತು.

“ಲಾರಿ ವಾಪಸ್ ಬರ್ತಿದೆ. ಎಲ್ಲಾ ಚೀಲದಲ್ಲೂ ಬೂಷ್ಟು!”

“ಸೂರು ಸೋರಿರ್ಬೇಕು ಅಂತ ನಾನು ಆಗ್ಲೇ ಅಂದೆ” ಎಂದಳು ಅಕ್ಕ.

ಮ್ಯಾನೇಜರ್ ಮೇಜು ಗುದ್ದಿದರು. “ಬೆಳಿಗ್ಗೆ ನಮಗ್ಯಾರಿಗೂ ಸಿಗದ ವಾಸನೆ ನಿಮ್ಮೊಬ್ಬರಿಗೇ ಸಿಕ್ಕಿತ್ತು. ಎಂಥ ಮೂಗು ರೀ ನಿಮ್ಮದು! ಗೊತ್ತಿದ್ದೂ ಯಾಕ್ರೀ ಸಹಿ ಹಾಕಿದ್ರಿ?”

ಮೂಗುರಾಯರ ಕೈ ಒಳಜೇಬಿಗೆ ಹೋಯಿತು. ವರದಿ ತೋರಿಸಿದರೆ ಮೂಗು ಕೆಟ್ಟವನೆಂದು ಕೆಲಸ ಹೋಗುತ್ತದೆ. ತೋರಿಸದಿದ್ದರೆ ಬುದ್ಧಿ ಕೆಟ್ಟವನೆಂದು ಹೋಗುತ್ತದೆ. ಕೈ ಅಲ್ಲೇ ನಿಂತಿತು.